ಆಂಟೆನಾಕ್ಕೆ ಕತ್ತು ಬಂದದ್ದು

ಗಡಿಯಾರದ ಯಜಮಾನರಿಗೆ ಆ ಆಂಟೆನಾ ಚುಚ್ಚಿದ್ದು ಅದೇ ಮೊದಲೇನೂ ಅಲ್ಲ. ಕಿವಿಗೆ ಚುಚ್ಚಿತ್ತು, ಕನ್ನಡಕ ಬೀಳಿಸಿತ್ತು, ಒಂದು ಸಲ ಮೂಗಿನ ಹೊಳ್ಳೆಯೊಳಗೆ ಇಣುಕಿ ನೋಡಿಯೂ ಬಂದಿತ್ತು. ಯಜಮಾನರು ಸೀನಿ ಸುಮ್ಮನಾಗಿದ್ದರು. ಆದರೆ ಆ ಸೋಮವಾರ ಬೆಳಿಗ್ಗೆ ಅದು ಯಜಮಾನರನ್ನು ಬಿಟ್ಟು ಅವರ ಹೆಂಡತಿಯ ಕೆನ್ನೆಗೆ ಚುಚ್ಚಿತು. ಅಲ್ಲಿಗೆ ಅದು ಆಂಟೆನಾದ ತಪ್ಪು ಎನ್ನುವುದು ಹೋಗಿ ಯಜಮಾನರ ತಪ್ಪು ಎಂದಾಯಿತು.

ಅವರು ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಮೊಣಕಾಲು ಮುಷ್ಕರ ಹೂಡಿದ ಮೇಲೆ ಅಂಗಡಿಯ ಬಾಗಿಲೆಳೆದು ಮನೆ ಸೇರಿದವರು. ಹಳೆಯ ಗಿರಾಕಿಯೊಬ್ಬರು ಊರು ಬಿಡುವಾಗ ಒಂದು ರೇಡಿಯೋ ಸ್ಕ್ಯಾನರ್ ಅವರ ಕೈಗಿಟ್ಟು ಹೋಗಿದ್ದರು. ಅಂಗೈಯಗಲದ ಕಪ್ಪು ಡಬ್ಬಿ, ಅದರ ನೆತ್ತಿಯ ಮೇಲೆ ಗೇಣುದ್ದದ, ಸೆಟೆದು ನಿಂತ ಆಂಟೆನಾ. ಹಾಡು, ವಾರ್ತೆ ಅದರಲ್ಲಿ ಬರುವುದಿಲ್ಲ. ದೋಣಿಯವರು, ಬಂದರಿನವರು ತಮ್ಮ ತಮ್ಮಲ್ಲಿ ಆಡಿಕೊಳ್ಳುವ ಮಾತನ್ನು ಗಾಳಿಯಿಂದ ಹೆಕ್ಕಿ ಕೇಳಿಸುವುದಷ್ಟೇ ಅದರ ಕೆಲಸ. ನಾವು ಕೇಳಬಹುದು, ತಿರುಗಿ ಮಾತಾಡುವ ಹಾಗಿಲ್ಲ. (ಮದುವೆಯಾಗಿ ಮೂವತ್ತೈದು ವರ್ಷ ಕಳೆದ ಯಜಮಾನರಿಗೆ ಈ ಪದ್ಧತಿ ಹೊಸದೇನಲ್ಲ.)

ಆ ಡಬ್ಬಿಯ ಮೇಲೆ ಗಂಡ ಹೆಂಡತಿ ಇಬ್ಬರಿಗೂ ಅಷ್ಟು ಪ್ರೀತಿ ಬರಲು ಕಾರಣ ಅವರ ಮಗಳು. ಜನರನ್ನೂ ಗಾಡಿಗಳನ್ನೂ ಈ ದಡದಿಂದ ಆ ದಡಕ್ಕೆ ದಾಟಿಸುವ ಲಾಂಚಿನಲ್ಲಿ ಅವಳಿಗೆ ಕೆಲಸ. ಹಗ್ಗ ಎಸೆಯುವುದರಿಂದ ಶುರುಮಾಡಿ, ಎರಡು ವರ್ಷ ಹಿರಿಯರ ಪಕ್ಕದಲ್ಲಿ ನಿಂತು ಚುಕ್ಕಾಣಿ ಹಿಡಿಯುವುದನ್ನು ಕಲಿತಿದ್ದಳು. ಬರುವ ಗುರುವಾರ ಹನ್ನೊಂದು ಗಂಟೆಯ ಸರದಿಯಲ್ಲಿ ಮೊದಲ ಸಲ ಒಬ್ಬಳೇ ಲಾಂಚನ್ನು ದಾಟಿಸಿ ತಂದು ಕಟ್ಟೆಗೆ ಹಚ್ಚಬೇಕಿತ್ತು. ಬಂದರಿನ ಸಾಹೇಬರು ಕಚೇರಿಯಲ್ಲಿ ಕೂತು ಗಮನಿಸುತ್ತಾರೆ. ಒಪ್ಪಿಗೆಯಾದರೆ ಚುಕ್ಕಾಣಿ ಅವಳದು. ಇಲ್ಲದಿದ್ದರೆ ಇನ್ನೂ ಆರು ತಿಂಗಳು ಹಗ್ಗ ಎಸೆಯುತ್ತಿರಬೇಕು.

ಭಾನುವಾರ ಫೋನು ಮಾಡಿದ ಮಗಳು ಇದನ್ನೆಲ್ಲ ಹೇಳಿ, ಕೊನೆಗೆ ಒಂದು ಷರತ್ತು ಹಾಕಿದ್ದಳು. ಗುರುವಾರ ಇಬ್ಬರೂ ಬಂದರಿನ ಕಡೆ ತಲೆ ಹಾಕಬಾರದು. ಯಜಮಾನರಿಗೆ ಇದು ಸರಿಬೀಳಲಿಲ್ಲ. ಹೆತ್ತವರು ಮೂಲೆಯಲ್ಲೆಲ್ಲೋ ನಿಂತು ನೋಡಿದರೆ ಯಾರಿಗೇನು ನಷ್ಟ ಎಂದು ವಾದಿಸಿದರು.

"ಅಪ್ಪ, ನೀವು ಬಂದರೆ ಕೈಗಡಿಯಾರ ನೋಡ್ತೀರಿ," ಎಂದಳು ಮಗಳು. "ನೀವು ನೋಡೋದು ನನಗೆ ಕಾಣಿಸುತ್ತೆ. ಆಮೇಲೆ ನನ್ನ ಕೈ ನಡುಗುತ್ತೆ."

ಸುಳ್ಳೇನಲ್ಲ. ಶಾಲೆಯ ಓಟದ ಪಂದ್ಯದಲ್ಲಿ ಅವಳು ಎಷ್ಟು ಸೆಕೆಂಡು ಹಿಂದಿದ್ದಾಳೆ ಎಂದು ಮೈದಾನದ ಅಂಚಿನಿಂದ ಕೂಗಿ ಕೂಗಿ ಹೇಳಿದ ತಂದೆ ಅವರು. ಅವಳು ಓಡುವುದನ್ನು ಬಿಟ್ಟು ಅರ್ಧದಾರಿಯಲ್ಲೇ ನಿಂತು ಅತ್ತಿದ್ದಳು. ಹಾಗಾಗಿ ಯಜಮಾನರು ಗಂಟಲು ಸರಿಮಾಡಿಕೊಂಡು, "ಆಯ್ತಮ್ಮ, ನಿನ್ನ ಕಣ್ಣಿಗೆ ಬೀಳೋದಿಲ್ಲ" ಎಂದು ಮಾತು ಕೊಟ್ಟರು. ಕಣ್ಣಿಗೆ ಬೀಳುವುದಿಲ್ಲ ಎಂದರೇ ಹೊರತು ಕಿವಿಯಲ್ಲಿ ಕೇಳುವುದಿಲ್ಲ ಎನ್ನಲಿಲ್ಲ. ಮನೆಯಲ್ಲೇ ಸ್ಕ್ಯಾನರ್ ಇಟ್ಟುಕೊಂಡು ಅವಳ ಮೊದಲ ಸವಾರಿಯ ಒಂದೊಂದು ಮಾತನ್ನೂ ಕೇಳಿಬಿಡುವುದು ಎಂದು ಗಂಡ ಹೆಂಡತಿ ತೀರ್ಮಾನಿಸಿದರು. ಮಾರನೆಯ ಬೆಳಿಗ್ಗೆ ತಾಲೀಮು ನಡೆಸಲು ಹೋಗಿಯೇ ಕೆನ್ನೆಗೆ ಚುಚ್ಚಿಸಿಕೊಂಡದ್ದು.

ಯಜಮಾನರು ಸ್ಕ್ಯಾನರನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಹೆಂಡತಿ ಕಿವಿ ಹತ್ತಿರ ತಂದರೆ ಆಂಟೆನಾ ಎದುರಾಗುತ್ತಿತ್ತು. ಮೇಜಿನ ಮೇಲಿಟ್ಟರೆ ತಲೆಭಾರಕ್ಕೆ ಮಗುಚಿ ಬೀಳುತ್ತಿತ್ತು. ಹೆಂಡತಿ ಕೆನ್ನೆ ಉಜ್ಜಿಕೊಳ್ಳುತ್ತ ಅಡುಗೆಮನೆಗೆ ಹೋಗಿ, ಅಗಲ ಬಾಯಿಯ ಒಂದು ಲೋಟ ತಂದು, ಅದರೊಳಗೆ ಸ್ಕ್ಯಾನರನ್ನು ನಿಲ್ಲಿಸಿ ಕಿಟಕಿಯ ಬಳಿ ಇಟ್ಟಳು. ನೆಟ್ಟಗೆ ನಿಂತಿತು. ಮಾತು ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾಗಿ ಕೇಳಿಸಿತು. ಯಾವುದೋ ದೋಣಿಯವನು ಡೀಸೆಲ್ ಬೇಕು ಎನ್ನುತ್ತಿದ್ದ. ಕಥೆ ಇಲ್ಲಿಗೇ ಮುಗಿಯಬಹುದಿತ್ತು.

ಆದರೆ ನಲವತ್ತು ವರ್ಷ ಯಂತ್ರಗಳ ಹೊಟ್ಟೆಯೊಳಗೆ ಕೈಯಾಡಿಸಿದ ಮನುಷ್ಯನ ಮುಂದೆ ಲೋಟವೊಂದು ಹೀಗೆ ಮೆರೆದರೆ ಅವರು ಹೇಗೆ ಸಹಿಸಿಯಾರು?

"ನಮ್ಮ ಮಗಳ ದನಿಯನ್ನ ಲೋಟದೊಳಗಿಂದ ಕೇಳಬೇಕೇನೇ?" ಎಂದರು.

"ಕೇಳಿಸ್ತಿದೆಯಲ್ಲ."

"ಕೇಳಿಸೋದು ಬೇರೆ, ವ್ಯವಸ್ಥೆ ಅನ್ನೋದು ಬೇರೆ. ಇದಕ್ಕೆ ಒಂದು ಕತ್ತು ಇಲ್ಲ, ಅದೇ ಇದರ ರೋಗ. ಕತ್ತು ಕೂರಿಸಿದರೆ ಬೇಕಾದ ಕಡೆ ಬಗ್ಗುತ್ತೆ, ತಿರುಗುತ್ತೆ, ಯಾರಿಗೂ ಚುಚ್ಚೋದಿಲ್ಲ."

ಹೆಂಡತಿಗೆ ಈ ದನಿ ಚೆನ್ನಾಗಿ ಗೊತ್ತಿತ್ತು. ಹಿಂದೊಮ್ಮೆ ಇದೇ ದನಿಯಲ್ಲಿ ಮಾತಾಡಿದ ಮಾರನೆಯ ದಿನದಿಂದ ಮನೆಯ ಕರೆಗಂಟೆ ಬಾಗಿಲು ತೆರೆದ ಮೇಲೆ ಸದ್ದು ಮಾಡತೊಡಗಿತ್ತು. ಗುರುವಾರ ಕಳೆಯಲಿ, ಆಮೇಲೆ ಕತ್ತಾದರೂ ಕೂರಿಸಿ, ಕೈಕಾಲಾದರೂ ಕೂರಿಸಿ ಎಂದು ಬೇಡಿಕೊಂಡಳು. ಅಷ್ಟರಲ್ಲಿ ಯಜಮಾನರು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಆಂಟೆನಾವನ್ನು ಬುಡದಿಂದ ತಿರುಚಿ ಬಿಚ್ಚಿಯೇ ಬಿಟ್ಟಿದ್ದರು.

ಸೋಮವಾರ, ಮಂಗಳವಾರ ಎರಡೂ ದಿನ ಶಸ್ತ್ರಚಿಕಿತ್ಸೆ ನಡೆಯಿತು. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಚಿಮಟ, ಅರ, ಸಣ್ಣ ಸ್ಕ್ರೂಡ್ರೈವರುಗಳನ್ನು ಸಾಲಾಗಿ ಜೋಡಿಸಿದರು. ಊಟ ಅಡುಗೆಮನೆಯ ನೆಲಕ್ಕೆ ವರ್ಗವಾಯಿತು. ಹಳೆಯ ಅಲಾರಂ ಗಡಿಯಾರವೊಂದರ ಹಿತ್ತಾಳೆಯ ಕಾಲನ್ನು ಕತ್ತರಿಸಿ, ಅರದಿಂದ ಉಜ್ಜಿ, ಮೊಣಕೈ ಮಡಚಿದ ಹಾಗೆ ಮಡಚುವ, ಗಿರ್ರನೆ ಸುತ್ತುವ ಒಂದು ಕೀಲು ತಯಾರಿಸಿದರು. ಕೆಲಸದಲ್ಲಿ ಎಳ್ಳಷ್ಟೂ ಕುಂದಿರಲಿಲ್ಲ, ಅದನ್ನು ಒಪ್ಪಬೇಕು.

ಇಲ್ಲಿ ಒಂದು ಮಾತು. ಗಡಿಯಾರದವರ ಬಾಳೆಲ್ಲ ಒಂದೇ ಚಿಂತೆಯಲ್ಲಿ ಸವೆಯುತ್ತದೆ. ಲೋಹಕ್ಕೆ ಲೋಹ ಉಜ್ಜಬಾರದು. ಉಜ್ಜಿದರೆ ಸವೆಯುತ್ತದೆ, ಸವೆದರೆ ಗಡಿಯಾರ ನಿಧಾನವಾಗುತ್ತದೆ, ನಿಧಾನವಾದರೆ ಗಿರಾಕಿ ಬಂದು ಬೈಯುತ್ತಾನೆ. ಅದಕ್ಕೇ ಅಚ್ಚಿಗೂ ಚಕ್ರಕ್ಕೂ ನಡುವೆ ಹರಳು ಕೂರಿಸುವುದು, ಸೂಜಿಮೊನೆಯಲ್ಲಿ ಎಣ್ಣೆ ಬಿಡುವುದು. ಯಜಮಾನರೂ ಅದನ್ನೇ ಮಾಡಿದರು. ತಮ್ಮ ಅಂಗಿಯ ಪ್ಲಾಸ್ಟಿಕ್ ಗುಂಡಿಯೊಂದನ್ನು ಕಿತ್ತು, ಕೊರೆದು, ಉಂಗುರ ಮಾಡಿ, ಕೀಲಿನ ಎರಡು ಲೋಹದ ಭಾಗಗಳ ನಡುವೆ ಅಪ್ಪಟ ಗಡಿಯಾರದ ಶಿಸ್ತಿನಿಂದ ಕೂರಿಸಿದರು. ಮೇಲೆ ಒಂದು ಹನಿ ಎಣ್ಣೆ. ನೂರು ವರ್ಷ ಬಿಚ್ಚಿಕೊಳ್ಳಬಾರದೆಂದು ಸುತ್ತಲೂ ಕಲ್ಲಿನ ಹಾಗೆ ಗಟ್ಟಿಯಾಗುವ ಅಂಟು.

ಬುಧವಾರ ಬೆಳಿಗ್ಗೆ ಲೋಕಾರ್ಪಣೆ. ಹೆಂಡತಿಯನ್ನು ಕರೆದು ಕುರ್ಚಿಯಲ್ಲಿ ಕೂರಿಸಿ, ಒಂದೇ ಬೆರಳಿನಿಂದ ಆಂಟೆನಾವನ್ನು ತಳ್ಳಿದರು. ಅದು ಸದ್ದಿಲ್ಲದೆ ಒಂದು ಸುತ್ತು ಸುತ್ತಿ, ನಾಚಿಕೊಂಡ ಹಾಗೆ ತಲೆ ಬಾಗಿಸಿ ನಿಂತಿತು.

"ಸರ್ವದಿಕ್ಕಿನ ಪರಿಭ್ರಮಣ," ಎಂದರು ಯಜಮಾನರು.

ಹೆಂಡತಿಗೂ ಒಂದು ಗಳಿಗೆ ಹೆಮ್ಮೆಯೇ ಆಯಿತು. ಇನ್ನು ಕೇಳಿಸಿ ಎಂದಳು. ಯಜಮಾನರು ಸ್ಕ್ಯಾನರಿನ ಗುಂಡಿ ತಿರುಗಿಸಿದರು. ಸ್ಕ್ಯಾನರ್ ಉಸ್ಸೆಂದಿತು. ಐದು ನಿಮಿಷ ಕಳೆದರೂ ಉಸ್ಸೆಂದೇ ಅನ್ನುತ್ತಿತ್ತು. ಇವತ್ತು ಬಂದರಿಗೆ ರಜೆ ಇರಬೇಕು ಎಂದು ಯಜಮಾನರು ಊಹಿಸಿದರು. ಅದೇ ಹೊತ್ತಿಗೆ ಕಿಟಕಿಯಾಚೆಯಿಂದ ಮೂರು ದೋಣಿಗಳು ಒಂದರ ಹಿಂದೊಂದು ಹಾರನ್ ಹಾಕಿದವು. ಹೆಂಡತಿ ಎದ್ದು ಹೋಗಿ ಕಿಟಕಿಯನ್ನು ಇನ್ನಷ್ಟು ಅಗಲಕ್ಕೆ ತೆರೆದಳು.

ಯಜಮಾನರು ಬ್ಯಾಟರಿ ಬದಲಿಸಿದರು. ಡಬ್ಬಿಯನ್ನು ಕುಲುಕಿದರು, ಊದಿದರು, ಬೆನ್ನು ತಟ್ಟಿದರು. ಮಧ್ಯಾಹ್ನದ ಹೊತ್ತಿಗೆ, ಪಾತ್ರೆ ತೊಳೆದು ಒದ್ದೆ ಕೈಯಲ್ಲಿ ಬಂದ ಹೆಂಡತಿ ಊಟದ ಮೇಜು ಇನ್ನಾದರೂ ಖಾಲಿಯಾಗಲಿ ಎಂದು ಅದನ್ನು ಎತ್ತಿದಳು. ಸ್ಕ್ಯಾನರ್ ಗಂಡಸಿನ ದನಿಯಲ್ಲಿ, "ಮೂರನೇ ಕಟ್ಟೆ ಖಾಲಿ ಇದೆ, ಬಾ" ಎಂದಿತು. ಬೆಚ್ಚಿ ಕೆಳಗಿಟ್ಟಳು. ಉಸ್. ಮತ್ತೆ ಎತ್ತಿದಳು. ಮಾತು.

ಆಗ ಯಜಮಾನರಿಗೆ ಹೊಳೆಯಿತು, ಹೊಳೆದದ್ದೇ ಮುಖ ಸಪ್ಪಗಾಯಿತು. ಆಂಟೆನಾ ಹಿಡಿದ ಮಾತು ಲೋಹದಿಂದ ಲೋಹಕ್ಕೆ ಇಳಿದು ಡಬ್ಬಿಗೆ ಬರಬೇಕು. ಅವರು ನಡುವೆ ಪ್ಲಾಸ್ಟಿಕ್ ಗುಂಡಿ ಕೂರಿಸಿ ದಾರಿಯನ್ನೇ ಕಡಿದಿದ್ದರು. ಕೀಲಿನ ಎರಡು ಕಡೆಗೂ ಮನುಷ್ಯರ ಕೈ ತಗುಲಿದರೆ ಮಾತ್ರ ಮಾತು ಮೈಮೇಲಿಂದ ಸುತ್ತಿಕೊಂಡು ಬರುತ್ತಿತ್ತು. ಗುಂಡಿ ತೆಗೆಯಿರಿ ಎಂದಳು ಹೆಂಡತಿ. ನೂರು ವರ್ಷದ ಅಂಟು. ಮುಟ್ಟಿದರೆ ಆಂಟೆನಾ ಮುರಿಯುವುದೇ ಖಂಡಿತ.

ಸಂಜೆಯವರೆಗೂ ಪ್ರಯೋಗಗಳು ನಡೆದವು. ಒಂದು ಕೈಯಲ್ಲಿ ಕೀಲು ಹಿಡಿದು ಇನ್ನೊಂದು ಕೈಯನ್ನು ಮೇಲಕ್ಕೆ ಎತ್ತಿದರೆ ದನಿ ಇನ್ನಷ್ಟು ತಿಳಿಯಾಗುತ್ತದೆ ಎಂದು ಗೊತ್ತಾಯಿತು. ಆದರೆ ಕೇಳಿಸುವುದು ಹತ್ತಿರದ ದೋಣಿಗಳು ಮಾತ್ರ. ಲಾಂಚಿನ ದನಿ ಮನೆಯವರೆಗೆ ಬರುತ್ತಲೇ ಇರಲಿಲ್ಲ. ಮಗಳ ದನಿ ಬೇಕೆಂದರೆ ದಡಕ್ಕೇ ಹೋಗಬೇಕು. ಕೊಟ್ಟ ಮಾತು ಹಾಗೇ ಇತ್ತು. ಬಂದರಿನ ತುದಿಯ ಕಲ್ಲುಗೋಡೆಯ ಹಿಂದೆ ಕೂತರೆ ಒಂದು ನರಪಿಳ್ಳೆಗೂ ಕಾಣುವುದಿಲ್ಲ ಎಂದು ಯಜಮಾನರು ವಾದ ಹೂಡಿದರು. ಹೆಂಡತಿ ತಾನೂ ಬರುತ್ತೇನೆ ಎಂದಳು. ನಿಮ್ಮನ್ನು ಕಾಯುವುದಕ್ಕೆ ಎಂದು ಕಾರಣ ಕೊಟ್ಟಳು. ಮಗಳ ದನಿ ಕೇಳುವ ಆಸೆ ಅವಳಿಗೇನು ಕಮ್ಮಿಯಿತ್ತೆ?

ಗುರುವಾರ ಹನ್ನೊಂದಕ್ಕೆ ಕಾಲು ಗಂಟೆ ಇರುವಾಗ ಇಬ್ಬರೂ ಗೋಡೆಯ ಹಿಂದೆ ಮುದುಡಿ ಕೂತಿದ್ದರು. ಗುರುತು ಸಿಗಬಾರದೆಂದು ಯಜಮಾನರು ತಲೆಗೆ ಕೆಂಪು ಟವೆಲ್ ಸುತ್ತಿಕೊಂಡಿದ್ದರು. (ಇಡೀ ಬಂದರಿನಲ್ಲಿ ಕೆಂಪಗೆ ಇದ್ದದ್ದು ಅದೊಂದೇ.) ಕೂತರೆ ಸ್ಕ್ಯಾನರ್ ಉಸ್ ಎನ್ನುವುದು ಬಿಟ್ಟು ಬೇರೇನೂ ಹೇಳಲಿಲ್ಲ. ಅರ್ಧ ಎದ್ದರು, ಒಂದು ಅಕ್ಷರ ಬಂತು. ಪೂರ್ತಿ ಎದ್ದರು, ಒಂದು ಪದ ಬಂತು. ಗೋಡೆಯ ಮೇಲೇ ಹತ್ತಿ ನಿಂತು ಕೈ ಎತ್ತಿದರು, ಅರ್ಧ ವಾಕ್ಯ ಬಂತು. ತಲೆ ಕಾಣುತ್ತದೆ, ಇಳಿಯಿರಿ ಎಂದು ಹೆಂಡತಿ ಅಂಗಿ ಹಿಡಿದು ಜಗ್ಗಿದಳು. ಅವಳ ಕೈ ಅವರ ಬೆನ್ನಿಗೆ ತಗುಲಿದ್ದೇ ದನಿ ಜೋರಾಯಿತು.

"ಬಿಡಬೇಡ," ಎಂದರು ಯಜಮಾನರು. "ಹತ್ತಿ ಬಾ. ನನ್ನ ಹೆಗಲು ಹಿಡ್ಕೊಂಡು ಆ ಕೈ ಎತ್ತು. ಇನ್ನೂ ಮೇಲೆ. ಸ್ವಲ್ಪ ಇಳಿಸು. ಎತ್ತು."

ಹೆಂಡತಿ ಹತ್ತಿದಳು. ಅವಳ ಎಡಗೈ ಮೇಲೆ ಹೋಯಿತು, ಯಜಮಾನರ ಬಲಗೈ ಮೇಲೆ ಹೋಯಿತು. ದನಿ ಎಲ್ಲಿ ಚೆನ್ನಾಗಿ ಸಿಗುತ್ತದೆಂದು ಹುಡುಕುತ್ತ ಎರಡು ಕೈಗಳೂ ನಿಧಾನವಾಗಿ ಮೇಲೆ, ಕೆಳಗೆ, ಮತ್ತೆ ಮೇಲೆ ಆಡತೊಡಗಿದವು. ಆಚೆ ದಡದಿಂದ ಲಾಂಚು ಹೊರಟು ನೀರಿನ ನಡುವೆ ಬಿಳಿ ಗೆರೆ ಎಳೆಯುತ್ತ ಬರುತ್ತಿತ್ತು. ಆಗ ಬಂತು ದನಿ.

"ಬಂದರು ಕಚೇರಿ, ಇದು ಎರಡನೇ ಲಾಂಚು. ನಡುನೀರು ದಾಟಿದೀನಿ."

ಮಗಳ ದನಿ. ಅಳುಕಿಲ್ಲ, ನಡುಕವಿಲ್ಲ, ನೀರು ಸುರಿದ ಹಾಗೆ. ಹೆಂಡತಿಯ ಕಣ್ಣು ತುಂಬಿತು. ಒರೆಸಿಕೊಳ್ಳೋಣವೆಂದರೆ ಎರಡು ಕೈಗೂ ಕೆಲಸವಿತ್ತು. ಯಜಮಾನರು ಅಭ್ಯಾಸಬಲದಿಂದ ಗಡಿಯಾರ ನೋಡಲು ಹೋದರು. ಅದು ತಲೆಯ ಮೇಲೆ ಎತ್ತಿದ ಕೈಯಲ್ಲಿತ್ತು. ಇರಲಿ ಬಿಡು ಎಂದುಕೊಂಡರು. ಗಂಟೆ ಎಷ್ಟೆಂದು ತಿಳಿಯದೆ ಅವರು ಸಂತೋಷವಾಗಿದ್ದದ್ದು ಬಹುಶಃ ಅದೇ ಮೊದಲು.

ದನಿ ಮತ್ತೆ ಬಂತು. "ಬಂದರು ಕಚೇರಿ, ಕಲ್ಲುಗೋಡೆಯ ತುದೀಲಿ ಇಬ್ಬರು ವಯಸ್ಸಾದವರು ನಿಂತು ಕೈ ಮೇಲೆ ಕೆಳಗೆ ಆಡಿಸ್ತಿದಾರೆ. ಸಹಾಯ ಕೇಳ್ತಿರೋ ಹಾಗಿದೆ. ಲಾಂಚು ನಿಧಾನ ಮಾಡಿದೀನಿ."

ನೀರಿನ ಮೇಲೆ ಕೆಲಸ ಮಾಡುವವರ ಲೆಕ್ಕದಲ್ಲಿ, ಕೈಗಳನ್ನು ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ 'ಅಪಾಯದಲ್ಲಿದ್ದೇವೆ, ಕಾಪಾಡಿ' ಎಂದು ಅರ್ಥ. ಕಂಡವರು ನಿಲ್ಲಲೇಬೇಕು. ಗಡಿಯಾರದವರಿಗೆ ಇದು ಹೇಗೆ ಗೊತ್ತಿರಬೇಕು?

"ಪಾಪ, ಯಾರೋ ತೊಂದರೇಲಿದಾರೆ," ಎಂದು ಯಜಮಾನರು ಮರುಗಿದರು. ಕತ್ತು ತಿರುಗಿಸಿ ಗೋಡೆಯುದ್ದಕ್ಕೂ ಹುಡುಕಿದರು.

"ರೀ," ಎಂದಳು ಹೆಂಡತಿ ಸಣ್ಣ ದನಿಯಲ್ಲಿ. "ಈ ಗೋಡೆ ಮೇಲೆ ನಮ್ಮನ್ನ ಬಿಟ್ಟು ಯಾರಿದಾರೆ?"

ಯಜಮಾನರ ಕೈ ಕಲ್ಲಿನ ಹಾಗೆ ಕೆಳಗೆ ಬಿತ್ತು. ದನಿ ಹೋಯಿತು. ನೀರಿನ ನಡುವೆ ಲಾಂಚು ನಿಂತೇಬಿಟ್ಟಿತ್ತು. ಅವಳ ಮೊದಲ ದಿನವನ್ನೇ ಹಾಳುಮಾಡಿದೆವಲ್ಲ, ಇನ್ನು ಆರು ತಿಂಗಳು ಹಗ್ಗ ಎಸೆಯಬೇಕಲ್ಲ ಎಂದು ಹೆಂಡತಿ ಕೈ ಕೈ ಹಿಸುಕಿಕೊಂಡಳು. ಸಾಹೇಬರು ಅವಳಿಗೆ ಏನೆನ್ನುತ್ತಿದ್ದಾರೋ ತಿಳಿಯಬೇಕಲ್ಲ. ತಿಳಿಯಬೇಕಾದರೆ ಕೈ ಎತ್ತಬೇಕಲ್ಲ. ಎತ್ತಿದರು.

"ಮತ್ತೆ ಕೈ ಎತ್ತಿದರು ಸರ್. ಗಂಡಸಿಗೆ ತಲೆಗೆ ಪೆಟ್ಟಾಗಿರೋ ಹಾಗಿದೆ, ಕೆಂಪಗೆ ಕಾಣ್ತಿದೆ."

ಯಜಮಾನರು ಕೈ ಇಳಿಸಿ ಟವೆಲ್ ಕಿತ್ತೆಸೆದರು. ಅದು ನೀರಿಗೆ ಬಿದ್ದು ತೇಲಿತು. ಮತ್ತೆ ಕೈ ಎತ್ತಿದರು.

"ಏನೋ ನೀರಿಗೆ ಬಿತ್ತು ಸರ್."

ಅಷ್ಟರಲ್ಲಿ ಕಟ್ಟೆಯ ಕಡೆಯಿಂದ ರಕ್ಷಣೆಯ ದೋಣಿಯೊಂದು ಮೂಗೆತ್ತಿಕೊಂಡು ಹೊರಟಿತು. ಬಂದರಿನ ಕಾವಲುಗಾರ ಹೆಗಲಿನ ಮೇಲಿನ ವಾಕಿಟಾಕಿಯನ್ನು ಒಂದು ಕೈಯಲ್ಲಿ ಅದುಮಿಕೊಂಡು ಗೋಡೆಯುದ್ದಕ್ಕೂ ಓಡಿಬಂದ. ಏದುಸಿರು ಬಿಡುತ್ತ, ಯಾರು ಬಿದ್ದಿದ್ದು ಎಂದು ಕೇಳಿದ. ಟವೆಲ್ ಎಂದರು ಯಜಮಾನರು. ಕೈ ಯಾಕೆ ಎತ್ತಿದ್ದೀರಿ ಎಂದು ಕೇಳಿದ. ಕೇಳಿಸಲಿ ಅಂತ ಎಂದರು. ಕಾವಲುಗಾರ ಅವರ ತಲೆಯನ್ನು ಎರಡು ಕಡೆಯಿಂದಲೂ ಪರೀಕ್ಷಿಸಿ ನೋಡಿದ. ಪೆಟ್ಟು ಒಳಗೆ ಆಗಿರಬಹುದು ಎಂಬ ಅನುಮಾನ ಅವನ ಮುಖದಲ್ಲಿತ್ತು.

ಲಾಂಚಿನ ಗಾಜಿನ ಕೋಣೆಯಲ್ಲಿ ಯಾರೋ ದುರ್ಬೀನು ಎತ್ತಿ ಹಿಡಿದದ್ದು ಬಿಸಿಲಿಗೆ ಮಿಂಚಿತು. ಯಜಮಾನರೂ ಹೆಂಡತಿಯೂ ಎತ್ತಿದ ಕೈ ಇಳಿಸದೆ ಕಾದರು. ಕೊನೆಗೆ ಸಾಹೇಬರ ದನಿಯೇ ಕೇಳಿಸಿತು: "ಎರಡನೇ ಲಾಂಚು, ಏನಾಯ್ತು, ಹೇಳಿ."

"ಗುರುತು ಸಿಕ್ತು ಸರ್. ಅಪಾಯ ಏನಿಲ್ಲ. ನಮ್ಮಪ್ಪ, ನಮ್ಮಮ್ಮ."

"ಅಲ್ಲೇನು ಮಾಡ್ತಿದಾರೆ?"

ಒಂದು ನಿಟ್ಟುಸಿರು ಗಾಳಿಯಲ್ಲಿ ತೇಲಿಬಂತು. ಅದನ್ನು ಮಾತ್ರ ಸ್ಕ್ಯಾನರ್ ಎಲ್ಲಕ್ಕಿಂತ ಸ್ಪಷ್ಟವಾಗಿ ಹಿಡಿಯಿತು.

"ಏನೋ ರಿಪೇರಿ ಮಾಡಿರ್ತಾರೆ ಸರ್."

ಆಮೇಲೆ ಆ ದನಿ ಸ್ವಲ್ಪ ಬೇರೆಯಾಯಿತು. "ಅಪ್ಪ, ಕೇಳಿಸ್ತಿದ್ದರೆ ಕೈ ಇಳಿಸಿ."

ಯಜಮಾನರು ಇಳಿಸಿದರು. ಹೆಂಡತಿಯೂ ಇಳಿಸಿದಳು. ಸ್ಕ್ಯಾನರ್ ಉಸ್ಸೆಂದಿತು.

ಲಾಂಚು ಮತ್ತೆ ಹೊರಟಿತು. ಅವಳು ಈಗ ಏನು ಹೇಳುತ್ತಿದ್ದಾಳೋ, ಸಾಹೇಬರು ಏನೆಂದರೋ, ಕಟ್ಟೆಗೆ ಹಚ್ಚುವ ಮುಂಚೆ ಯಾವ ಮಾತು, ಹಚ್ಚಿದ ಮೇಲೆ ಯಾವ ಮಾತು, ಯಾವುದಕ್ಕೋಸ್ಕರ ಎರಡು ದಿನ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ದುಡಿದಿದ್ದರೋ ಅದೆಲ್ಲವೂ ಯಜಮಾನರ ತಲೆಯ ಮೇಲೆಯೇ ಹಾದುಹೋಗುತ್ತಿತ್ತು. ಕೈಗೆಟುಕುವಷ್ಟೇ ಎತ್ತರದಲ್ಲಿ. ಕೈ ಮಾತ್ರ ಎತ್ತುವ ಹಾಗಿರಲಿಲ್ಲ.

ಪಕ್ಕದಲ್ಲೇ ಕಾವಲುಗಾರನ ವಾಕಿಟಾಕಿ ಗೊಣಗುತ್ತಿತ್ತು. ಹೆಂಡತಿ ಎರಡು ಹೆಜ್ಜೆ ಸರಿದು ಅವನ ಹೆಗಲಿಗೆ ಕಿವಿ ಕೊಟ್ಟು ನಿಂತಳು. ಅವಳ ಮುಖ ಮೊದಲು ಬಿಗಿಯಾಯಿತು, ಆಮೇಲೆ ಸಡಿಲವಾಯಿತು, ಆಮೇಲೆ ಸೆರಗು ಬಾಯಿಗೆ ಹೋಯಿತು. ಯಜಮಾನರೂ ಕಿವಿ ಕೊಡಲು ಹೋದರು. ಇನ್ನೊಂದು ಹೆಗಲ ಮೇಲೆ ವಾಕಿಟಾಕಿ ಇರಲಿಲ್ಲ.

"ಏನಂದಳೇ? ಸಾಹೇಬರು ಏನಂದರು?"

"ಕಂಡ ತಕ್ಷಣ ನಿಲ್ಲಿಸಿದ್ದು ಸರಿಯಾದ ಕೆಲಸ ಅಂದರು. ಕಟ್ಟೆಗೆ ಸರಿಯಾಗಿ ಹಚ್ಚಿದರೆ ಚುಕ್ಕಾಣಿ ಅವಳದೇ ಅಂತೆ," ಎಂದು ಕಣ್ಣೊರೆಸಿಕೊಂಡಳು ಹೆಂಡತಿ. "ಅದಕ್ಕೆ ಅವಳು ಹೇಳಿದ್ದು ಬೇರೆ ಇದೆ. ಅದು ನಿಮಗಲ್ಲ. ಸುಮ್ಮನೆ ನಿಂತು ನೋಡಿ."

ನೋಡಿದರು. ಬೇರೆ ಕೆಲಸವೇ ಇರಲಿಲ್ಲ. ಜನರೂ ಗಾಡಿಗಳೂ ತುಂಬಿದ ಅಷ್ಟು ದೊಡ್ಡ ಲಾಂಚು ಮೂತಿ ತಿರುಗಿಸಿ, ನೀರನ್ನು ಸವರುತ್ತ, ನಿದ್ದೆ ಹೋದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ ಬಂದು ಕಟ್ಟೆಗೆ ಒರಗಿತು. ಕಟ್ಟೆಗೆ ಕಟ್ಟಿದ ಹಳೆಯ ಟಯರುಗಳು ಕಿರುಗುಟ್ಟಲೂ ಇಲ್ಲ. ಅಷ್ಟು ಹಗುರವಾಗಿ ಒಂದು ಮುಳ್ಳನ್ನು ಗಡಿಯಾರಕ್ಕೆ ಕೂರಿಸಲು ಯಜಮಾನರಿಗೆ ಹತ್ತು ವರ್ಷದ ಪಳಗಿಕೆ ಬೇಕಾಗಿತ್ತು. ಇದನ್ನು ಕಿವಿಯಲ್ಲಿ ಕೇಳಲು ಬಂದಿದ್ದೆನಲ್ಲ ಎಂದುಕೊಂಡರು.

ಲಾಂಚಿನ ಕಟಕಟೆಯ ಉದ್ದಕ್ಕೂ ಜನ ಸಾಲಾಗಿ ನಿಂತಿದ್ದರು. ಸುದ್ದಿ ಅವರಿಗೂ ಮುಟ್ಟಿತ್ತು ಎಂದು ಕಾಣುತ್ತದೆ. ಒಬ್ಬರು ನಗುತ್ತ ಕೈ ಚಾಚಿ ಮೇಲೆ ಕೆಳಗೆ ಆಡಿಸಿದರು. ಪಕ್ಕದವರೂ ಆಡಿಸಿದರು. ಇಡೀ ಸಾಲು ರೆಕ್ಕೆ ಬಡಿಯತೊಡಗಿತು. ಯಜಮಾನರು ಮಗಳ ಗಾಜಿನ ಕೋಣೆಯನ್ನೇ ನೋಡುತ್ತ, ಅಷ್ಟೊಂದು ಜನ ಆಡಿಸುವಾಗ ನನ್ನದೊಂದು ಕೈ ಯಾರ ಕಣ್ಣಿಗೆ ಬಿದ್ದೀತು, ಕೊನೆಯ ಒಂದೇ ಒಂದು ಮಾತು ಕೇಳಿಸಿದರೆ ಸಾಕು ಎಂದು, ಎಡಗೈಯಲ್ಲಿ ಕೀಲನ್ನು ಮೆಲ್ಲಗೆ ಅದುಮಿ, ಬಲಗೈಯನ್ನು ಸೊಂಟದಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸಿದರು.

ಲಾಂಚು ಬಂದರು ನಡುಗುವ ಹಾಗೆ ಒಮ್ಮೆ ಹಾರನ್ ಹಾಕಿತು.

ಕೈ ತಾನಾಗಿಯೇ ಕೆಳಗಿಳಿಯಿತು.